ಬೆಂಕಿಗೆಂದು ಕಾದಿಟ್ಟ ನೀರಿನ ಕತೆ

ಆಫೀಸು, ಮಾಲು, ಆಸ್ಪತ್ರೆ, ಎತ್ತರದ ಅಪಾರ್ಟ್‌ಮೆಂಟು - ಎಲ್ಲಿ ಹೋದರೂ ತಲೆ ಎತ್ತಿ ನೋಡಿದರೆ ಚಾವಣಿಯಲ್ಲಿ ತಲೆಕೆಳಗಾದ ಪುಟ್ಟ ಹೂವಿನ ಹಾಗೆ ಹಿತ್ತಾಳೆಯದೊಂದು ವಸ್ತು ನೇತಾಡ್ತಿರತ್ತೆ. ನಡುವೆ ಕೆಂಪು ದ್ರವ ತುಂಬಿದ ಒಂದು ಗಾಜಿನ ಕಡ್ಡಿ. ಅದೇ ಸ್ಪ್ರಿಂಕ್ಲರ್. ಸುತ್ತಲಿನ ಬಿಸಿ ಏರಿ ಆ ಕಡ್ಡಿ 68 ಡಿಗ್ರಿ ಮುಟ್ಟಿದಾಗ ಒಡೆಯತ್ತೆ, ಅದರ ಹಿಂದೆ ಕಾಯ್ತಾ ಇದ್ದ ನೀರು ಸುರಿಯತ್ತೆ. ಸಿನಿಮಾಗಳಲ್ಲಿ ತೋರಿಸೋ ಹಾಗೆ ಒಂದು ಸಿಗರೇಟು ಹಚ್ಚಿದ ತಕ್ಷಣ ಇಡೀ ಕಟ್ಟಡದಲ್ಲಿ ಮಳೆ ಬರೋದಿಲ್ಲ. ಯಾವುದರ ಕಡ್ಡಿ ಒಡೆಯುತ್ತೋ ಅದರಿಂದ ಮಾತ್ರ ನೀರು.

ಇಷ್ಟು ಬಹಳ ಜನರಿಗೆ ಗೊತ್ತು. ಆದರೆ ಈ ಪೈಪುಗಳ ಒಳಗೆ ವರ್ಷಗಟ್ಟಲೆ ಕಾಯುತ್ತಾ ಕೂತಿರೋ ನೀರಿನ ಬಗ್ಗೆ ಯಾರೂ ಹೆಚ್ಚು ಯೋಚಿಸೋದಿಲ್ಲ. ಅದು ಸರಿಯಾಗಿ ಬರುತ್ತಾ ಅಂತ ಆಗಾಗ ಬಿಟ್ಟು ನೋಡಬೇಕು. ಹಾಗೆ ಬಿಟ್ಟ ನೀರು ಎಲ್ಲಿಗೆ ಹೋಗುತ್ತೆ? ಬಹುಪಾಲು ಕಡೆ ಚರಂಡಿಗೆ. ಬೆಂಗಳೂರಿನಂಥ ಊರಲ್ಲಿ ಅದನ್ನು ನೋಡಿದರೆ ಹೊಟ್ಟೆ ಉರಿಯೋದು ಸಹಜ. ಈ ಪರೀಕ್ಷೆಗಳು ಯಾಕೆ ಹುಟ್ಟಿದವು, ಆ ನೀರನ್ನು ವಾಪಸು ಬಳಸೋ ಯೋಚನೆ ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದರೆ ಕತೆ ಮೊದಲು ನಮ್ಮ ಶ್ರೀರಂಗಪಟ್ಟಣಕ್ಕೇ ಬಂದು ನಿಲ್ಲತ್ತೆ!

ರಾಕೆಟ್ಟಿನವನೇ ನೀರಿನವನು

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರು ಅಲ್ಲಿ ಸಿಕ್ಕ ಮೈಸೂರು ರಾಕೆಟ್ಟುಗಳನ್ನು ಲಂಡನ್ನಿನ ಹತ್ತಿರದ ವುಲಿಚ್ ಶಸ್ತ್ರಾಗಾರಕ್ಕೆ ಸಾಗಿಸಿದರು. ಹೈದರ್ ಮತ್ತು ಟಿಪ್ಪುವಿನ ಕಬ್ಬಿಣದ ಕೊಳವೆಯ ಈ ಬಾಣಗಳ ಏಟು ಅವರಿಗೆ 1780ರ ಪೊಲ್ಲಿಲೂರು ಯುದ್ಧದಿಂದಲೇ ಚೆನ್ನಾಗಿ ಗೊತ್ತಿತ್ತು. ಅವುಗಳನ್ನು ಬಿಚ್ಚಿ ನೋಡಿ, ತನ್ನದೇ ರಾಕೆಟ್ ಮಾಡಿ ಹೆಸರು ಗಳಿಸಿದವನು ವಿಲಿಯಂ ಕಾಂಗ್ರೀವ್. 1807ರಲ್ಲಿ ಕೋಪನ್‌ಹೇಗನ್ ನಗರ ಉರಿದದ್ದರಲ್ಲಿ ಈತನ ರಾಕೆಟ್ಟುಗಳ ಪಾಲೂ ಇತ್ತು. ಇಷ್ಟು ಶಾಲೆಯ ಪಾಠದಲ್ಲಿ ಇಲ್ಲದಿದ್ದರೂ ನಮ್ಮಲ್ಲಿ ಅನೇಕರು ಓದಿರೋದೇ.

ಅಷ್ಟಾಗಿ ಯಾರೂ ಹೇಳದ ವಿಷಯ ಏನಂದ್ರೆ, ಊರಿಗೆ ಬೆಂಕಿ ಇಡೋ ಯಂತ್ರ ಮಾಡಿದ ಈ ಕಾಂಗ್ರೀವನೇ ಬೆಂಕಿ ಆರಿಸೋ ಯಂತ್ರವನ್ನೂ ಮಾಡಿದ. 1812ರಲ್ಲಿ ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರಕ್ಕೆ ಅವನು ಅಳವಡಿಸಿದ ವ್ಯವಸ್ಥೆಯನ್ನು ಇವತ್ತಿನ ಸ್ಪ್ರಿಂಕ್ಲರಿನ ಅಜ್ಜ ಅಂತಾರೆ.

ಆ ರಂಗಮಂದಿರದ ಕತೆಯೇ ಒಂದು ನಾಟಕ. 1794ರಲ್ಲಿ ಅಲ್ಲಿ ಹೊಸ ಕಟ್ಟಡ ಎದ್ದಾಗ, ಇದಕ್ಕೆ ಬೆಂಕಿಯ ಭಯವೇ ಇಲ್ಲ ಅಂತ ಮಾಲೀಕರು ಡಂಗುರ ಹೊಡೆದಿದ್ದರು. ಕಬ್ಬಿಣದ ಪರದೆ, ಮಾಡಿನ ಮೇಲೆ ದೊಡ್ಡ ನೀರಿನ ತೊಟ್ಟಿಗಳು. ಉದ್ಘಾಟನೆಯ ಸಮಯದಲ್ಲಿ ಆ ಪರದೆಯನ್ನು ಸುತ್ತಿಗೆಯಿಂದ ಬಡಿದು ಸದ್ದು ಕೇಳಿಸಿ, ಮೇಲಕ್ಕೆತ್ತಿದರೆ ವೇದಿಕೆಯ ಮೇಲೆ ನಿಜವಾದ ನೀರಿನ ಕೆರೆ, ಅದರಲ್ಲೊಂದು ದೋಣಿ! ನೋಡಿ ಎಷ್ಟು ನೀರಿದೆ ನಮ್ಮ ಹತ್ತಿರ ಅಂತ ತೋರಿಸೋ ಆಟ. ಜನ ಚಪ್ಪಾಳೆ ತಟ್ಟಿದರು. 1809ರ ಫೆಬ್ರವರಿ 24ರ ರಾತ್ರಿ ಅದೇ ಕಟ್ಟಡ ಪೂರ್ತಿ ಸುಟ್ಟು ಹೋಯಿತು. ಮಾಲೀಕ, ನಾಟಕಕಾರ ಶೆರಿಡನ್ ಎದುರಿನ ಹೋಟೆಲಿನಲ್ಲಿ ಕೂತು ವೈನ್ ಕುಡಿಯುತ್ತಾ ಅದನ್ನು ನೋಡ್ತಿದ್ದನಂತೆ. ಇದೇನಪ್ಪಾ ಹೀಗೆ ಕೂತಿದ್ದೀಯ ಅಂದವರಿಗೆ, ನನ್ನ ಮನೆಯ ಒಲೆ ಮುಂದೆ ಕೂತು ಒಂದು ಲೋಟ ಕುಡಿಯೋದಕ್ಕೂ ಬಿಡಲ್ವೇ ಅಂದನಂತೆ. ನಿಜವೋ ಕಟ್ಟುಕತೆಯೋ, ಇವತ್ತಿಗೂ ಹೇಳ್ತಾರೆ.

ನನಗೆ ಇಲ್ಲಿ ಮುಖ್ಯ ಅನ್ನಿಸಿದ್ದು ಆ ಕೆರೆಯ ಆಟ. ನೀರು ಇದೆ ಅಂತ ತೋರಿಸೋದು ಬೇರೆ, ಬೇಕಾದ ಜಾಗಕ್ಕೆ ಬೇಕಾದ ಒತ್ತಡದಲ್ಲಿ ಬರುತ್ತಾ ಅಂತ ಪರೀಕ್ಷೆ ಮಾಡೋದು ಬೇರೆ. ಈ ಎರಡರ ವ್ಯತ್ಯಾಸವೇ ಮುಂದಿನ ಇನ್ನೂರು ವರ್ಷದ ಕತೆ.

ಮತ್ತೆ ಕಟ್ಟಿದಾಗ ಕಾಂಗ್ರೀವ್ ಅಲ್ಲಿ ಸುಮಾರು 95 ಸಾವಿರ ಲೀಟರ್ ಹಿಡಿಸೋ ತೊಟ್ಟಿ ಇಟ್ಟ. ಅದರಿಂದ 10 ಇಂಚಿನ ದೊಡ್ಡ ಕೊಳವೆ, ಅದರಿಂದ ಕಟ್ಟಡದ ಎಲ್ಲ ಕಡೆಗೂ ಕವಲು, ಕವಲುಗಳ ತುಂಬ ಅರ್ಧ ಇಂಚಿನ ತೂತು. ಬೆಂಕಿ ಬಿದ್ದರೆ ಯಾರಾದರೂ ಕವಾಟ ತೆರೆಯಬೇಕು, ಆಗ ತೂತುಗಳಿಂದ ನೀರು.

ಇನ್ನೊಂದು ಮಾತು ಹೇಳಿ ಮುಂದೆ ಹೋಗ್ತೀನಿ. 2018ರ ಜುಲೈನಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲೂಕಿನ ನಗರದಲ್ಲಿ ಹಳೆಯದೊಂದು ಬಾವಿಯ ಕೆಸರು ತೆಗೆದಾಗ ಸಾವಿರಕ್ಕೂ ಹೆಚ್ಚು ಮೈಸೂರು ರಾಕೆಟ್ಟುಗಳು ಸಿಕ್ಕಿದವು. ಬೆಂಕಿಯ ಬಾಣಗಳು ಇನ್ನೂರಕ್ಕೂ ಹೆಚ್ಚು ವರ್ಷ ಬಾವಿಯ ತಳದಲ್ಲಿ! ಅತ್ತ ಲಂಡನ್ನಿಗೆ ಹೋದ ಅವುಗಳ ಅಣ್ಣತಮ್ಮಂದಿರಿಂದ ಪಾಠ ಕಲಿತವನು ಬೆಂಕಿಯ ಮೇಲೆ ನೀರು ಬಿಡೋ ಕೆಲಸಕ್ಕೂ ಕೈ ಹಾಕಿದ್ದ. ಚರಿತ್ರೆ ಒಮ್ಮೊಮ್ಮೆ ಹೀಗೆ ತಮಾಷೆ ಮಾಡತ್ತೆ :-)

ಪಿಯಾನೋ ಕಾರ್ಖಾನೆಯಿಂದ ಗಗನಚುಂಬಿಗೆ

ತೂತಿನ ಪೈಪುಗಳಿಗೆ ಎರಡು ದೋಷ. ಮನುಷ್ಯ ಇರಬೇಕು, ಮತ್ತೆ ಬೆಂಕಿ ಒಂದು ಮೂಲೆಯಲ್ಲಿದ್ದರೂ ಇಡೀ ಕೋಣೆ ಒದ್ದೆ. ಇದಕ್ಕೆ ಪರಿಹಾರ ಸಿಕ್ಕಿದ್ದು ಅಮೆರಿಕದಲ್ಲಿ. 1874ರಲ್ಲಿ ಕನೆಕ್ಟಿಕಟ್‌ನ ನ್ಯೂ ಹೇವನ್‌ನಲ್ಲಿ ಹೆನ್ರಿ ಪಾರ್ಮಲೀ ಅನ್ನೋನು ತನ್ನ ಪಿಯಾನೋ ಕಾರ್ಖಾನೆಯನ್ನು ಉಳಿಸಿಕೊಳ್ಳೋದಕ್ಕೆ, ಬಿಸಿಗೆ ಕರಗೋ ಬೆಸುಗೆಯಿಂದ ತಾನಾಗೇ ತೆರೆಯೋ ಸ್ಪ್ರಿಂಕ್ಲರ್ ಮಾಡಿದ. ಫ್ರೆಡರಿಕ್ ಗ್ರಿನೆಲ್ ಅದನ್ನು 1880ರ ದಶಕದಲ್ಲಿ ಸುಧಾರಿಸಿದ. ಹತ್ತಿ ಗಿರಣಿಗಳ ತುಂಬ ಅದು ಹಬ್ಬಿತು. ಹಬ್ಬಿದ ಹಾಗೆ ಗೊಂದಲವೂ ಹಬ್ಬಿತು. ಬಾಸ್ಟನ್ ಸುತ್ತಮುತ್ತಲೇ ಪೈಪಿನ ಅಳತೆಗೆ ಒಂಬತ್ತು ಬೇರೆ ಬೇರೆ ನಿಯಮ! ಈ ತಲೆನೋವಿಗೆ ಮದ್ದು ಹುಡುಕಲು ವಿಮಾ ಕಂಪನಿಗಳವರು, ಸ್ಪ್ರಿಂಕ್ಲರ್‌ನವರು ಸೇರಿದ್ದೇ 1896ರಲ್ಲಿ ಎನ್.ಎಫ್.ಪಿ.ಎ. ಅನ್ನೋ ಸಂಸ್ಥೆ ಆಯಿತು. ಜಗತ್ತಿನ ಅನೇಕ ದೇಶಗಳ ನಿಯಮಗಳಲ್ಲಿ ಈಗಲೂ ಅದರ ನೆರಳು ಕಾಣತ್ತೆ.

ಗಿರಣಿಗೆ ನಾಲ್ಕೈದು ಮಹಡಿ. ಮಾಡಿನ ಮೇಲೊಂದು ತೊಟ್ಟಿ ಇಟ್ಟರೆ ಸಾಕಿತ್ತು. ಆದರೆ ಕಟ್ಟಡ 30-40 ಮಹಡಿ ಬೆಳೆದಾಗ ಲೆಕ್ಕ ಬದಲಾಯ್ತು. ನೀರು ಹತ್ತು ಮೀಟರ್ ಎತ್ತರಕ್ಕೆ ಸುಮಾರು ಒಂದು ಬಾರ್ ಒತ್ತಡ ಕೊಡತ್ತೆ. ಅಂದರೆ 120 ಮೀಟರಿನ ಕಟ್ಟಡದಲ್ಲಿ ತುದಿಗೂ ಬುಡಕ್ಕೂ 12 ಬಾರ್ ವ್ಯತ್ಯಾಸ. ಮೇಲಿನವರಿಗೆ ನೀರು ತಲುಪಬೇಕಾದರೆ ಕೆಳಗಿನವರ ಪೈಪು ಸಿಡಿಯೋ ಹಾಗಾಗತ್ತೆ. ಅದಕ್ಕೆ ನಡುನಡುವೆ ಒತ್ತಡ ಇಳಿಸೋ ಕವಾಟಗಳನ್ನು ಇಟ್ಟರು. ಇಂಥ ಕವಾಟ ಸರಿಯಾಗಿದೆಯಾ ಅಂತ ಹೊರಗಿನಿಂದ ನೋಡಿ ಹೇಳೋಕಾಗಲ್ಲ. ನೀರು ನಿಂತಿರುವಾಗ ಮಾಪಕ ಚೆನ್ನಾಗೇ ತೋರಿಸಬಹುದು, ಹರಿಯೋಕೆ ಶುರುವಾದಾಗಲೇ ಬಣ್ಣ ಬಯಲು.

ಫಿಲಡೆಲ್ಫಿಯಾದ ಆ ರಾತ್ರಿ

1991ರ ಫೆಬ್ರವರಿ 23. ಫಿಲಡೆಲ್ಫಿಯಾದ 38 ಮಹಡಿಯ ಒನ್ ಮೆರಿಡಿಯನ್ ಪ್ಲಾಜಾದ 22ನೇ ಮಹಡಿಯಲ್ಲಿ ಬೆಂಕಿ. ಅಗಸೆ ಎಣ್ಣೆ ಮೆತ್ತಿದ ಚಿಂದಿ ಬಟ್ಟೆಗಳು ತಾವೇ ಬಿಸಿಯಾಗಿ ಹೊತ್ತಿಕೊಂಡದ್ದು. ಅಗ್ನಿಶಾಮಕದವರು ಮೆಟ್ಟಿಲು ಹತ್ತಿ ಹೋಗಿ ಅಲ್ಲಿನ ಕವಾಟಕ್ಕೆ ಹೋಸು ಜೋಡಿಸಿದರೆ ನೀರು ಬಂತು, ಆದರೆ ಬೆಂಕಿ ಆರಿಸೋ ಅಷ್ಟು ರಭಸದಿಂದ ಬರಲಿಲ್ಲ. ಒತ್ತಡ ಇಳಿಸೋ ಕವಾಟಗಳನ್ನು ತಪ್ಪು ಅಳತೆಗೆ ಕೂರಿಸಿದ್ದರು. ಕಟ್ಟಡ ಕಟ್ಟಿ ಹತ್ತೊಂಬತ್ತಿಪ್ಪತ್ತು ವರ್ಷ ಆದರೂ ಅದು ಯಾರ ಗಮನಕ್ಕೂ ಬಂದಿರಲಿಲ್ಲ. ಮೂವರು ಅಗ್ನಿಶಾಮಕ ಸಿಬ್ಬಂದಿ ಸತ್ತರು. ಬೆಂಕಿ ಸುಮಾರು 19 ಗಂಟೆ ಉರಿಯಿತು, ಎಂಟು ಮಹಡಿಗಳನ್ನು ತಿಂದಿತು. ಕಡೆಗೆ ಕಟ್ಟಡ ಬೀಳಬಹುದು ಅಂತ ಎಲ್ಲರನ್ನೂ ಹೊರಗೆ ಕರೆಸಿಕೊಂಡರು.

ಬೆಂಕಿಯನ್ನು ತಡೆದದ್ದು ಯಾರು ಗೊತ್ತಾ? 30ನೇ ಮಹಡಿಯಲ್ಲಿದ್ದ ಹತ್ತು ಸ್ಪ್ರಿಂಕ್ಲರ್‌ಗಳು. ಉರಿದ ಮಹಡಿಗಳಲ್ಲಿ ಅವು ಇರಲಿಲ್ಲ, ಆ ಮಹಡಿಯಲ್ಲಿ ಹಾಕಿಸಿದ್ದರು. ನೂರಾರು ಜನ ಹೋರಾಡಿ ಆಗದ್ದನ್ನು ಮುಷ್ಟಿಯಷ್ಟು ದೊಡ್ಡದಿಲ್ಲದ ಹತ್ತು ಹಿತ್ತಾಳೆಯ ತುಂಡುಗಳು ಮಾಡಿದವು.

ಇದಕ್ಕೂ ಮೂರು ವರ್ಷ ಮೊದಲು, 1988ರ ಮೇ 4ರಂದು, ಲಾಸ್ ಏಂಜಲೀಸ್‌ನ 62 ಮಹಡಿಯ ಫಸ್ಟ್ ಇಂಟರ್‌ಸ್ಟೇಟ್ ಬ್ಯಾಂಕ್ ಕಟ್ಟಡ ಹೊತ್ತಿದಾಗ ಅಲ್ಲಿ ಸ್ಪ್ರಿಂಕ್ಲರ್ ಕೂರಿಸೋ ಕೆಲಸ ಹೆಚ್ಚುಕಡಿಮೆ ಮುಗಿದಿತ್ತು. ಆದರೆ ಕವಾಟ ಮುಚ್ಚಿತ್ತು. ಇದ್ದೂ ಇಲ್ಲದ ಹಾಗೆ.

ಮೆರಿಡಿಯನ್ ಬೆಂಕಿಯ ನಂತರ ನಿಯಮಗಳು ಬದಲಾದವು. ಎನ್.ಎಫ್.ಪಿ.ಎ. 14 ಅನ್ನೋ ಸಂಹಿತೆಯ 1993ರ ಆವೃತ್ತಿಯಲ್ಲಿ ಮೇಲಿನ ಹೋಸು ಕವಾಟದಲ್ಲಿ ಇರಬೇಕಾದ ಒತ್ತಡವನ್ನು 65 ಪಿ.ಎಸ್.ಐ.ನಿಂದ 100ಕ್ಕೆ ಏರಿಸಿದರು. ಪರೀಕ್ಷೆ, ನಿರ್ವಹಣೆಗೆಂದೇ ಇರೋ ಎನ್.ಎಫ್.ಪಿ.ಎ. 25 ಅನ್ನೋ ಪುಸ್ತಕ 1992ರಲ್ಲಿ ಮೊದಲ ಸಲ ಬಂತು. ಒತ್ತಡ ಇಳಿಸೋ ಕವಾಟಗಳಲ್ಲಿ ಐದು ವರ್ಷಕ್ಕೊಮ್ಮೆ ಪೂರ್ತಿ ನೀರು ಹರಿಸಿ ನೋಡಬೇಕು ಅನ್ನೋದು ಇವತ್ತಿನ ನಿಯಮ. 30ನೇ ಮಹಡಿಯಲ್ಲಿ ನಿಮಿಷಕ್ಕೆ ನೂರಾರು ಲೀಟರ್ ಬಿಟ್ಟರೆ ಅದು ಎಲ್ಲಿಗೆ ಹೋಗಬೇಕು? ಮೆಟ್ಟಿಲ ಮೇಲೆ ಜಲಪಾತ ಮಾಡೋಕಾಗಲ್ಲ. ಅದಕ್ಕೆ ಮೇಲಿನಿಂದ ಬುಡದವರೆಗೆ ನೀರು ಇಳಿಯೋದಕ್ಕೆ ಅಂತಲೇ 3 ಇಂಚಿನ ಒಂದು ಪ್ರತ್ಯೇಕ ಪೈಪು ಇರಬೇಕು ಅಂತಾಯ್ತು. ಎತ್ತರದ ಕಟ್ಟಡದ ಮೆಟ್ಟಿಲ ಮೂಲೆಯಲ್ಲಿ ದಪ್ಪ ಕೆಂಪು ಪೈಪಿನ ಪಕ್ಕ ಸಣ್ಣದೊಂದು ಪೈಪು ಇಳಿದು ಹೋಗಿದ್ದು ಕಂಡರೆ, ಅದು ಹೆಚ್ಚಾಗಿ ಈ ಕೆಲಸದ್ದೇ. ಆ ಪೈಪಿನ ಹಿಂದೆ ಇಂಥ ರಾತ್ರಿಗಳ ಪಾಠ ಇದೆ.

ನೀರನ್ನು ವಾಪಸು ಬಳಸೋ ಮಾತು ಶುರುವಾಗೋದು ಇಲ್ಲಿಂದಲೇ. ಕಟ್ಟಡದ ಎಲ್ಲ ಪರೀಕ್ಷೆಯ ನೀರೂ ಒಂದೇ ಪೈಪಿನಲ್ಲಿ ಬುಡಕ್ಕೆ ಇಳಿದು ಬರುತ್ತೆ ಅಂದ ಮೇಲೆ, ಅದರ ತುದಿಯನ್ನು ಚರಂಡಿಗೆ ಬಿಡೋ ಬದಲು ಒಂದು ತೊಟ್ಟಿಗೆ ಬಿಟ್ಟರೆ ಆಯ್ತಲ್ಲ?

ಬರ ಕಲಿಸಿದ ಪಾಠ

ಇಷ್ಟು ಸುಲಭದ ಯೋಚನೆ ಜೋರು ಹಿಡಿಯೋಕೆ ಒಂದು ಬರ ಬೇಕಾಯ್ತು. ಆಸ್ಟ್ರೇಲಿಯಾದಲ್ಲಿ 1997ರ ಸುಮಾರಿಗೆ ಶುರುವಾಗಿ 2009ರವರೆಗೆ ಕಾಡಿದ ದೊಡ್ಡ ಬರಗಾಲವನ್ನು ಅಲ್ಲಿನವರು ಸಹಸ್ರಮಾನದ ಬರ ಅಂತಾರೆ. 2009ರ ಹೊತ್ತಿಗೆ ಮೆಲ್ಬರ್ನ್ ನಗರದ ಜಲಾಶಯಗಳಲ್ಲಿ ಕಾಲುಭಾಗದ ಆಸುಪಾಸು ನೀರು ಉಳಿದಿತ್ತು. ಹುಲ್ಲುಹಾಸಿಗೆ ನೀರು ಹಾಕೋ ಹಾಗಿಲ್ಲ ಅಂತ ಜನರಿಗೆ ಕಟ್ಟಳೆ ಹಾಕಿದ ಊರಲ್ಲಿ, ದೊಡ್ಡ ಕಟ್ಟಡಗಳಿಂದ ಒಳ್ಳೆ ನೀರು ಚರಂಡಿಗೆ ಹರಿಯೋದು ಕಣ್ಣಿಗೆ ಚುಚ್ಚೋದು ಸಹಜವೇ.

ಅಲ್ಲಿನ ಹಸಿರು ಕಟ್ಟಡ ಮಂಡಳಿ 2003ರಲ್ಲಿ ತಂದ ಗ್ರೀನ್ ಸ್ಟಾರ್ ಅನ್ನೋ ಅಂಕಪಟ್ಟಿಯಲ್ಲಿ ಬೆಂಕಿ ವ್ಯವಸ್ಥೆಯ ನೀರಿಗೆಂದೇ ಒಂದು ಅಂಕ ಇತ್ತು. ಪರೀಕ್ಷೆಯ ಮತ್ತು ರಿಪೇರಿಗೆ ಇಳಿಸೋ ನೀರಿನಲ್ಲಿ ಕನಿಷ್ಠ ಶೇ. 80ರಷ್ಟನ್ನು ಹಿಡಿದಿಟ್ಟು ಕಟ್ಟಡದಲ್ಲೇ ಮತ್ತೆ ಬಳಸಬೇಕು. ಜೊತೆಗೆ ಪ್ರತಿ ಮಹಡಿಗೂ ಬೇರೆ ಕವಾಟ ಇರಬೇಕು, ಒಂದು ಮಹಡಿಯಲ್ಲಿ ಗೋಡೆ ಬದಲಾಯಿಸೋಕೆ ಇಡೀ ಕಟ್ಟಡದ ಪೈಪು ಖಾಲಿ ಮಾಡೋದು ತಪ್ಪಬೇಕು. 2006ರಲ್ಲಿ ಮೆಲ್ಬರ್ನ್ ನಗರಸಭೆ ತನಗೇ ಕಟ್ಟಿಕೊಂಡ ಹತ್ತು ಮಹಡಿಯ ಕೌನ್ಸಿಲ್ ಹೌಸ್ 2 ಕಟ್ಟಡದಲ್ಲಿ ಮಳೆನೀರಿನ ಜೊತೆ ಸ್ಪ್ರಿಂಕ್ಲರ್ ಪರೀಕ್ಷೆಯ ನೀರನ್ನೂ ಹಿಡಿದು ಬಳಸೋ ಏರ್ಪಾಡು ಮಾಡಿದರು.

ಲೆಕ್ಕ ಹಾಕಿ ನೋಡೋಣ

ಈಗ ನಿಜವಾಗಿ ಎಷ್ಟು ನೀರು? ಕೈಲೆಕ್ಕ ಹಾಕೋಣ ಬನ್ನಿ.

ಒಂದು ಸಾಮಾನ್ಯ ಸ್ಪ್ರಿಂಕ್ಲರಿನಿಂದ ಒಂದು ಬಾರ್ ಒತ್ತಡದಲ್ಲಿ ನಿಮಿಷಕ್ಕೆ 80 ಲೀಟರ್ ಬರುತ್ತೆ. ಒಂದು ಸ್ಪ್ರಿಂಕ್ಲರ್ ತೆರೆದ ಹಾಗೆ ಪೈಪಿನ ಕೊನೆಯಲ್ಲಿ ನೀರು ಬಿಟ್ಟು ಗಂಟೆ ಹೊಡೆಯುತ್ತಾ ನೋಡೋದು ಒಂದು ಪರೀಕ್ಷೆ. ಒಂದೂವರೆ ನಿಮಿಷದೊಳಗೆ ಹೊಡೆಯಬೇಕು. ಅಂದರೆ ಮಹಡಿಗೆ 120 ಲೀಟರ್, 40 ಮಹಡಿಗೆ 4,800. ಇನ್ನು 150 ಮಿ.ಮೀ. ಪೈಪಿನ ಒಂದು ಮೀಟರಿನಲ್ಲಿ 17-18 ಲೀಟರ್ ಇರತ್ತೆ. 120 ಮೀಟರಿನ ಒಂದು ಪೈಪು ಖಾಲಿ ಮಾಡಿದರೆ ಎರಡು ಸಾವಿರ ಲೀಟರಿಗೂ ಮೇಲೆ.

ಎಲ್ಲಕ್ಕಿಂತ ದೊಡ್ಡದು ಪಂಪಿನ ಪರೀಕ್ಷೆ. ನಮ್ಮ ದೇಶದ ಎತ್ತರದ ಕಟ್ಟಡಗಳಲ್ಲಿ ಸಾಮಾನ್ಯವಾಗಿ ಕಾಣೋದು ನಿಮಿಷಕ್ಕೆ 2,280 ಲೀಟರಿನ ಪಂಪು. ಹತ್ತು ನಿಮಿಷ ಪೂರ್ತಿ ಬಿಟ್ಟರೆ 22,800 ಲೀಟರ್. ವರ್ಷಕ್ಕೊಮ್ಮೆ ಆದರೆ ಪರವಾಗಿಲ್ಲ. 300 ಮನೆ, ಮನೆಗೆ ನಾಲ್ಕು ಜನ, ತಲೆಗೆ ದಿನಕ್ಕೆ 135 ಲೀಟರ್ ಅಂದರೆ ಒಂದೇ ದಿನಕ್ಕೆ 1,62,000 ಲೀಟರ್ ಬೇಕು. ಅದರ ಮುಂದೆ ಇದು ಏಳರಲ್ಲಿ ಒಂದು ಪಾಲು. ಆದರೆ ಇದನ್ನೇ ಯಾರಾದರೂ ವಾರಕ್ಕೊಮ್ಮೆ ಹೊರಗೆ ಬಿಡ್ತಿದ್ದರೆ ವರ್ಷಕ್ಕೆ 11,85,600 ಲೀಟರ್! ಅಷ್ಟೂ ಟ್ಯಾಂಕರಿನವನಿಗೆ ಕೊಡೋ ದುಡ್ಡು.

ಹಾಗಾಗಿ ಮೊದಲ ಉಪಾಯ, ಪಂಪಿನ ಪರೀಕ್ಷೆಯ ನೀರನ್ನು ಅದು ಬಂದ ಸಂಪಿಗೇ ವಾಪಸು ಬಿಡೋದು. ಹೀರೋ ಪೈಪಿನ ಬಾಯಿಂದ ದೂರಕ್ಕೆ ಬಿಡಬೇಕು, ಇಲ್ಲದಿದ್ದರೆ ಗಾಳಿಗುಳ್ಳೆ ಪಂಪಿನೊಳಗೆ ಹೋಗತ್ತೆ. ಕೆಲವರು ಇನ್ನೂ ಚುರುಕಾಗಿ ಸಂಪಿನ ತಂಟೆಯೇ ಬೇಡ ಅಂತ ಪಂಪಿನ ಹೊರಬಾಯಿಯನ್ನು ಅದರ ಒಳಬಾಯಿಗೇ ಮಾಪಕದ ಮೂಲಕ ಜೋಡಿಸ್ತಾರೆ. ನೀರು ಒಂದು ಹನಿಯೂ ಖರ್ಚಿಲ್ಲ. ಆದರೆ ಸಂಪಿನಿಂದ ಪಂಪಿನವರೆಗಿನ ದಾರಿ ಚೆನ್ನಾಗಿದೆಯಾ ಅನ್ನೋದು ಇದರಲ್ಲಿ ಗೊತ್ತೇ ಆಗಲ್ಲ. ಅದಕ್ಕೆ ಎನ್.ಎಫ್.ಪಿ.ಎ. 25 ಹೇಳತ್ತೆ, ಹೀಗೆ ಸುತ್ತು ಹೊಡೆಸೋರು ಮೂರು ವರ್ಷಕ್ಕೊಮ್ಮೆಯಾದರೂ ನಿಜವಾಗಿ ನೀರನ್ನು ಹೊರಗೆ ಹರಿಸಿ ನೋಡಿ ಅಂತ. ಡ್ರೂರಿ ಲೇನ್‌ನ ಕೆರೆ ನೆನಪಾಯ್ತಾ?

ಕಪ್ಪು ನೀರು

ಪಂಪಿನ ನೀರು ಸುಲಭ. ಮಹಡಿಯ ಪೈಪುಗಳಿಂದ ಇಳಿಯೋ ನೀರು ಅಷ್ಟು ಸುಲಭ ಅಲ್ಲ. ವರ್ಷಗಟ್ಟಲೆ ಕಬ್ಬಿಣದ ಪೈಪಿನಲ್ಲಿ ನಿಂತ ನೀರು ಕಪ್ಪಗೆ, ಕೊಳೆತ ಮೊಟ್ಟೆಯ ವಾಸನೆ. ನೀರಲ್ಲಿದ್ದ ಆಮ್ಲಜನಕವನ್ನೆಲ್ಲ ತುಕ್ಕು ತಿಂದು ಮುಗಿಸಿದ ಮೇಲೆ, ಗಾಳಿ ಬೇಡದ ಬ್ಯಾಕ್ಟೀರಿಯಾಗಳು ಒಳಗೆ ಸಂಸಾರ ಹೂಡಿರ್ತವೆ. ವಾಸನೆ ಅವುಗಳದ್ದು. ಜೊತೆಗೆ ಪೈಪು ಕತ್ತರಿಸುವಾಗ ಹಾಕಿದ ಎಣ್ಣೆ, ತುಕ್ಕಿನ ಚೂರು. ಇನ್ನೂ ಒಂದಿದೆ. ಪೈಪು ಖಾಲಿ ಮಾಡಿ ಹೊಸ ನೀರು ತುಂಬಿದಾಗಲೆಲ್ಲ ಹೊಸ ಆಮ್ಲಜನಕವೂ ಒಳಗೆ ಹೋಗಿ ತುಕ್ಕು ಮತ್ತೆ ಶುರು. ಅಂದರೆ ಸುಮ್ಮಸುಮ್ಮನೆ ಇಳಿಸಿದರೆ ನೀರೂ ನಷ್ಟ, ಪೈಪೂ ನಷ್ಟ. ಮಹಡಿಗೊಂದು ಕವಾಟ ಬೇಕು ಅಂದದ್ದಕ್ಕೆ ಇದೂ ಕಾರಣ.

ನಮ್ಮಲ್ಲಿ ಇನ್ನೊಂದು ಎಚ್ಚರ ಬೇಕು. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಒಂದು ಬಹಳ ಜಾಣ ಸೂತ್ರ ಇದೆ. ಹೊರಗಿನಿಂದ ಬರೋ ನೀರು ಮೊದಲು ಬೆಂಕಿಯ ಸಂಪಿಗೆ ಬರಬೇಕು, ಅದು ತುಂಬಿ ಉಕ್ಕಿದ್ದು ಮಾತ್ರ ಮನೆಬಳಕೆಯ ಸಂಪಿಗೆ ಹೋಗಬೇಕು. ಹೀಗಾದಾಗ ಬೆಂಕಿಯ ನೀರು ಯಾವಾಗಲೂ ಭರ್ತಿ, ಯಾವಾಗಲೂ ತಾಜಾ. ಆದರೆ ಇಂಥ ಕಟ್ಟಡದಲ್ಲಿ ಮಹಡಿಯ ಕಪ್ಪು ನೀರನ್ನು ಉಳಿಸ್ತೀನಿ ಅಂತ ಯಾರಾದರೂ ಬೆಂಕಿಯ ಸಂಪಿಗೆ ಬಿಟ್ಟರೆ? ಅದು ಉಕ್ಕಿ ನೆಟ್ಟಗೆ ಅಡುಗೆಮನೆಯ ನಲ್ಲಿಗೆ ಬರುತ್ತೆ! ಆದ್ದರಿಂದ ಪಂಪಿನ ನೀರು ಮಾತ್ರ ಸಂಪಿಗೆ. ಪೈಪಿನ ನೀರು ಬೇರೆ ತೊಟ್ಟಿಗೆ, ಗಸಿ ಕೂತ ಮೇಲೆ ಕಕ್ಕಸಿನ ಫ್ಲಶ್ಶಿಗೋ ಅಥವಾ ಕೊಳಚೆನೀರಿನ ಶುದ್ಧೀಕರಣ ಘಟಕಕ್ಕೋ ಹೋಗಬೇಕು.

ನಮ್ಮೂರಿನ ಮಾತು

ಬೆಂಗಳೂರಿನ ಕಾವೇರಿ ನೀರು ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ನೂರಾರು ಮೀಟರ್ ಮೇಲಕ್ಕೆ ಪಂಪ್ ಆಗಿ ಬರೋದು. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿದಾಗ ಜಲಮಂಡಳಿ ಕುಡಿಯೋ ನೀರಲ್ಲಿ ಕಾರು ತೊಳೆದರೆ, ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂದಿತ್ತು. ಅಂಥ ಹೊತ್ತಿನಲ್ಲಿ ಯಾವುದೇ ಅಪಾರ್ಟ್‌ಮೆಂಟ್ ಸಂಘದವರಿಗೂ ಮೊದಲು ಹೊಳೆಯೋದು ಏನು? ಈ ವರ್ಷ ಆ ಬೆಂಕಿ ಪಂಪಿನ ಪರೀಕ್ಷೆ ಬೇಡ ಬಿಡ್ರಿ, ನೀರು ದಂಡ ಅಂತ. ಇನ್ನೂ ಮುಂದೆ ಹೋಗಿ ಆ ಸಂಪಿನಲ್ಲಿರೋ ಲಕ್ಷಾಂತರ ಲೀಟರ್ ನೀರಿನ ಮೇಲೇ ಕಣ್ಣು ಬೀಳಬಹುದು.

ನನ್ನ ಹೆದರಿಕೆ ಇರೋದು ಇಲ್ಲೇ. 2010ರ ಫೆಬ್ರವರಿ 23ರಂದು ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಒಂಬತ್ತು ಜನ ಸತ್ತದ್ದು ನಾವು ಮರೆಯೋ ಹಾಗಿಲ್ಲ. ಹೊಗೆಯಿಂದ ಪಾರಾಗಲು ದಾರಿಯಿಲ್ಲದೆ ಮೇಲಿಂದ ಹಾರಿದವರಿದ್ದರು. (ತಾರೀಕು ನೋಡಿ, ಮೆರಿಡಿಯನ್‌ಗೆ ಸರಿಯಾಗಿ 19 ವರ್ಷ.) ಒಂದು ಕಡೆ ಕವಾಟ, ಇನ್ನೊಂದು ಕಡೆ ಬಾಗಿಲು. ಎರಡೂ ಕಡೆ ಪಾಠ ಒಂದೇ: ಇದೆ ಅಂದುಕೊಂಡದ್ದನ್ನು ತೆರೆದು ನೋಡಬೇಕು.

ಅದಕ್ಕೇ ಈ ನೀರನ್ನು ವಾಪಸು ತರೋ ಪೈಪು ಮುಖ್ಯ ಅನ್ನಿಸೋದು. ವರ್ಷದ ಕೊನೆಗೆ ಅದು ಉಳಿಸೋ ನೀರು ಮಳೆಕೊಯ್ಲಿನ ಮುಂದೆ ಏನೇನೂ ಅಲ್ಲ. ಆದರೆ ನೀರು ದಂಡ ಅನ್ನೋ ನೆಪವನ್ನು ಅದು ಕಿತ್ತು ಹಾಕತ್ತೆ. ನೀರು ಹಿಂದಿರುಗಿ ಸಂಪಿಗೇ ಬರುತ್ತೆ ಅಂದ ಮೇಲೆ, ಎಂಥ ಬೇಸಿಗೆಯಲ್ಲೂ ಪಂಪು ಓಡಿಸಿ ನೋಡೋಕೆ ಯಾರೂ ಹಿಂದೆಮುಂದೆ ನೋಡಬೇಕಿಲ್ಲ. ಒಂದಿಷ್ಟು ಪೈಪು, ಒಂದು ಕವಾಟ, ಒಂದು ಮಾಪಕ. ಕಟ್ಟುವಾಗಲೇ ಹಾಕಿದರೆ ಒಂದು ಫ್ಲಾಟಿನ ಮಾಡ್ಯುಲರ್ ಕಿಚನ್ನಿಗಿಂತ ಹೆಚ್ಚು ದೊಡ್ಡ ಖರ್ಚೇನಲ್ಲ ಅಂತ ನನ್ನ ಅಂದಾಜು.

ಎತ್ತರದ ಮನೆಯಲ್ಲಿರೋ ಬ್ಲಾಗಿಗ ಮಿತ್ರರು ಒಂದು ಕೆಲಸ ಮಾಡಿ. ಮುಂದಿನ ಸಲ ನಿಮ್ಮ ಸಂಘದ ಮೀಟಿಂಗಿನಲ್ಲಿ ಪಾರ್ಕಿಂಗ್ ಜಗಳ ಮುಗಿದ ಮೇಲೆ (ಮುಗಿದರೆ!) ಎರಡೇ ಪ್ರಶ್ನೆ ಕೇಳಿ: ಬೆಂಕಿ ಪಂಪನ್ನು ಕೊನೆಯ ಸಲ ಪೂರ್ತಿ ನೀರು ಹರಿಸಿ ಪರೀಕ್ಷೆ ಮಾಡಿದ್ದು ಯಾವಾಗ? ಆ ನೀರು ಎಲ್ಲಿಗೆ ಹೋಯ್ತು? ಸಿಕ್ಕ ಉತ್ತರವನ್ನು ಇಲ್ಲಿ ಬಂದು ಬರೆಯಿರಿ. ಪಂಪಿನ ಕೆಲಸ ಬಲ್ಲವರು ಯಾರಾದರೂ ಇದ್ದರೆ ನಾನು ಬಿಟ್ಟದ್ದನ್ನು ಸೇರಿಸಿ. ಎಲ್ಲರಿಗೂ ಉಪಯೋಗ ಆದೀತು.